ಪರದೆಯಲ್ಲಿ ಕಾಣದ ಎಚ್

ಇಂಗ್ಲಿಷ್ ಅಕ್ಷರಗಳ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಕಟ್ಟುವ ಆಟವಾದ ಸ್ಕ್ರ್ಯಾಬಲ್‌ನ 100 ಬಿಲ್ಲೆಗಳಲ್ಲಿ ಎರಡರ ಮೇಲೆ ಏನೂ ಬರೆದಿರುವುದಿಲ್ಲ. ಆಡುವವರು ಅದನ್ನು ಯಾವ ಅಕ್ಷರವೆಂದು ಬಾಯಿಬಿಟ್ಟು ಹೇಳುತ್ತಾರೋ ಆಟ ಮುಗಿಯುವವರೆಗೆ ಅದು ಅದೇ ಅಕ್ಷರ; ಅಂಕ ಮಾತ್ರ ಸೊನ್ನೆ. ಕಳೆದ ಭಾನುವಾರ ಸಂಜೆ ಬಸವನಗುಡಿಯ ನಮ್ಮ ಮನೆಯಲ್ಲಿ ರಾಯರಿಗೂ ನನಗೂ ನಡೆದ ಜಟಾಪಟಿಗೆ ಇಂಥದೊಂದು ಖಾಲಿ ಬಿಲ್ಲೆಯೇ ಕಾರಣ.

ಆಡಿ ಮುಗಿಸಿದ ಆಟವನ್ನು ಕಂಪ್ಯೂಟರಿಗೆ ಹಾಕಿ, ಎಲ್ಲಿ ಎಡವಿದೆವೆಂದು ನೋಡುವ ಚಟ ನನಗೆ ವರ್ಷಗಳಿಂದ ಇದೆ. ಅದಕ್ಕೆಂದೇ ನಾನು ಮೆಚ್ಚಿಕೊಂಡಿರುವ ತಂತ್ರಾಂಶವೊಂದು, ಆಯಾ ಸರದಿಯಲ್ಲಿ ಕೈಯಲ್ಲಿದ್ದ ಬಿಲ್ಲೆಗಳಿಂದ ಸಾಧ್ಯವಿದ್ದ ನಡೆಗಳನ್ನು ಹುಡುಕಿ, ಬರುವ ಅಂಕದ ಜೊತೆಗೆ ಕೈಯಲ್ಲಿ ಉಳಿಯುವ ಅಕ್ಷರಗಳ ಬೆಲೆಯನ್ನೂ ಲೆಕ್ಕ ಹಿಡಿದು, ಒಳ್ಳೆಯದನ್ನು ಮೇಲಿಟ್ಟು ಪಟ್ಟಿ ಮಾಡಿಕೊಡುತ್ತದೆ. ರಾಯರು ಪ್ರತಿ ಸರದಿಯಲ್ಲೂ ತಮ್ಮ ಅಕ್ಷರಗಳನ್ನು ಚೀಟಿಯಲ್ಲಿ ಬರೆದಿಡುವ ಶಿಸ್ತಿನವರಾದ್ದರಿಂದ ಅವರ ತಪ್ಪುಗಳೂ ಅದರ ಕಣ್ಣಿಗೆ ಬೀಳುತ್ತವೆ.

ಮೂರು ವಾರದ ಹಿಂದೆ ಆಡಿ, ಅಂದೇ ರಾತ್ರಿ ಟೈಪು ಮಾಡಿ ಉಳಿಸಿದ್ದ ಆಟವನ್ನು ಅವರೆದುರು ತೆರೆದೆ. ನನ್ನ ಮೊದಲ ನಡೆಯಲ್ಲೇ ಏಳೂ ಬಿಲ್ಲೆಗಳು ಇಳಿದಿದ್ದವು. 50ರ ಬೋನಸ್ ಸೇರಿ 64 ಅಂಕ. ಆದರೆ ಪರದೆಯ ಮೇಲೆ ಆ ಪದಕ್ಕೆ ತಲೆಯೇ ಇರಲಿಲ್ಲ. ಕೆನೆಬಣ್ಣದ ಒಂದು ಬೋಳು ಚೌಕ, ಅದರ ಪಕ್ಕದಲ್ಲಿ ಇ, ಎ, ಟಿ, ಐ, ಎನ್, ಜಿ.

ಮುಂದಿನ ಸರದಿ ರಾಯರದು. ಪಟ್ಟಿಯ ನೆತ್ತಿಯಲ್ಲಿ ‘ಕವರ್’ ಎಂಬ ಪದ, ಅದರ ಸಿ ನನ್ನ ಪದದ ಮುಂದೆಯೇ ಕೂರುವಂತೆ; 39 ಅಂಕ. ಅವರು ಅಂದು ಆಡಿದ್ದು 22ರ ನಡೆ.

“ನೀವು ಅವತ್ತು ಹಾಕಿದ್ದು ‘ಬೀಟಿಂಗ್’ ಸ್ವಾಮಿ. ಅದರ ಮುಂದೆ ಸಿ ಎಲ್ಲಿ ಕೂರುತ್ತೆ? ನಿಮ್ಮ ಯಂತ್ರಕ್ಕೇ ತಲೆ ಕೆಟ್ಟಿದೆ,” ಎಂದರು.

ನನಗೂ ನೆನಪಾಗಲಿಲ್ಲ. ಬೀಟಿಂಗ್, ಸೀಟಿಂಗ್, ಹೀಟಿಂಗ್, ಮೂರೂ ಸರಿಯೇ. ಖಾಲಿ ಬಿಲ್ಲೆಗೆ ಅಂಕವಿಲ್ಲದ ಕಾರಣ ಮೂರಕ್ಕೂ 64 ಅಂಕವೇ ಬರುವುದರಿಂದ ಅಂಕದ ಹಾಳೆಯೂ ನೆರವಿಗೆ ಬರಲಿಲ್ಲ. ಕೊನೆಗೆ ಆ 39 ಅನ್ನೇ ಬಿಡಿಸಿ ನೋಡಿದೆ. ಮೇಲಿನಿಂದ ಕೆಳಕ್ಕೆ ‘ಕವರ್’ ಬರೆದರೆ ಸಿ ಅಕ್ಷರಕ್ಕೆ ದುಪ್ಪಟ್ಟಿನ ಮನೆ, ಕೊನೆಯ ಆರ್‌ಗೆ ಇಡೀ ಪದವನ್ನೇ ದುಪ್ಪಟ್ಟು ಮಾಡುವ ಮನೆ: 13ರ ಎರಡರಷ್ಟು, 26. ಉಳಿದ 13, ಅದೇ ಸಿ ನನ್ನ ಪದದ ಮುಂದೆ ಕೂತು ಅಡ್ಡಲಾಗಿ ಆಗುವ ಪದಕ್ಕೆ. ಆ ಮೂರರಲ್ಲಿ ಸಿ ಹಿಡಿಯುವುದು ಹೀಟಿಂಗ್ ಒಂದೇ; ಆಗುವ ಪದ ‘ಚೀಟಿಂಗ್’. ರಾಯರ ಮುಖ ನೋಡಿ ನಗು ತಡೆಯುವುದು ಕಷ್ಟವಾಯಿತು.

ಇಷ್ಟೆಲ್ಲ ಪತ್ತೇದಾರಿಕೆ ಬೇಕೇ ಇರಲಿಲ್ಲ. ಪಕ್ಕದಲ್ಲಿ ಆಡಿದ ನಡೆಗಳನ್ನು ದಾಖಲಿಸುವ ಅಂಕಣದಲ್ಲಿ ಖಾಲಿ ಬಿಲ್ಲೆಯ ಎಚ್ ಸಣ್ಣಕ್ಷರದಲ್ಲಿ ಮೊದಲಿನಿಂದಲೂ ಕೂತಿತ್ತು. ನಾವಿಬ್ಬರೂ ಹಲಗೆಯನ್ನೇ ದಿಟ್ಟಿಸುತ್ತಿದ್ದೆವು. ಕಣ್ಣಿಗೆ ಹಿತವೆಂದು ಮಗಳು ಆ ವಾರವಷ್ಟೇ ಲ್ಯಾಪ್‌ಟಾಪಿಗೆ ಡಾರ್ಕ್ ಮೋಡ್ ಹಾಕಿಕೊಟ್ಟಿದ್ದಳು. ಅದರಿಂದ ಅಕ್ಷರ ಬಿಳಿಯಾಗಿ ಕೆನೆಬಣ್ಣದಲ್ಲಿ ಕರಗಿಹೋಗಿತ್ತು. ಮೋಡ್ ತೆಗೆದೊಡನೆ ಎಚ್ ಮೂಡಿತು. ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ, ಬಣ್ಣ ಮಾತ್ರ ಕೈಕೊಟ್ಟಿತ್ತು.

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. “ಎಚ್ ಅಂತ ಅವತ್ತು ನೀವು ಬಾಯಿಬಿಟ್ಟು ಹೇಳಲೇ ಇಲ್ಲವಲ್ಲ,” ಎಂದರು. ಅದಕ್ಕೆ ನನ್ನ ಬಳಿ ಯಾವ ದಾಖಲೆಯೂ ಇರಲಿಲ್ಲ.