ಪ್ರವಾಸಿ ಮಂದಿರಕ್ಕೆ ಎರಡನೇ ಸಲ ಒಯ್ದ ಹಾಳೆ

ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ ಸಂಬಳದ ಬಿಲ್ ಮಾಡುವುದು ನನ್ನ ಕೆಲಸ. 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರು "ರಿಟೈರ್ ಆದ್ಮೇಲೆ ಎಷ್ಟು ಬರುತ್ತೆ?" ಅಂದರೆ ಎರಡು ನಿಮಿಷದಲ್ಲಿ ಹೇಳುತ್ತೇನೆ. ಕೊನೆಯ ಮೂಲ ವೇತನ 50,000 ಇದ್ದರೆ, ಪೂರ್ತಿ ಸೇವೆಗೆ 25,000. ಮೇಲೆ ತುಟ್ಟಿಭತ್ಯೆ.

ಆಮೇಲೆ ಸೇರಿದವರು ಕೇಳಿದರೆ ಬಾಯಿ ಕಟ್ಟುತ್ತದೆ. ಅವರದು ಎನ್‌ಪಿಎಸ್, ಅಂದರೆ ನೌಕರ, ಸರ್ಕಾರ ಇಬ್ಬರೂ ತಿಂಗಳು ತಿಂಗಳು ಹಣ ಕಟ್ಟಿ ಕೂಡಿಸುವ ಹೊಸ ಪಿಂಚಣಿ. 20 ಲಕ್ಷ ಕೂಡಿದೆ ಅಂದುಕೊಳ್ಳಿ. ಕನಿಷ್ಠ ಶೇ 40, ಅಂದರೆ 8 ಲಕ್ಷ, ಪಿಂಚಣಿಗೆ ಇಡಬೇಕು. ವರ್ಷಕ್ಕೆ ಶೇ 6 ಸಿಕ್ಕರೆ ತಿಂಗಳಿಗೆ 4,000. ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ.

ಈ ಸಂಕಟ ಹೊತ್ತು ನಾವು ಏಳೆಂಟು ಜನ ಪ್ರವಾಸಿ ಮಂದಿರಕ್ಕೆ ಹೋಗಿ, ಎಲ್ಲರಿಗೂ ಹಳೇ ಪಿಂಚಣಿಯನ್ನೇ ಕೊಡಿ ಅಂತ ಒಬ್ಬ ನಾಯಕರಿಗೆ ಮನವಿ ಕೊಟ್ಟೆವು. ಅವರು ಅದನ್ನು ಬಿಡಿಸಿಯೂ ನೋಡಲಿಲ್ಲ. "ದುಡ್ಡು ಎಲ್ಲಿಂದ ತರೋದು ಹೇಳ್ರೀ" ಅಂದರು. ರಾಜಸ್ಥಾನ, ಹಿಮಾಚಲದವರು ಹಳೇ ಪಿಂಚಣಿ ತಂದಿಲ್ವಾ ಅಂದೆವು. ಮತ್ತೆ ಅದೇ ಮಾತು. ನಿಂತೇ ಇದ್ದೆವು. ಕೊನೆಗೆ ನಾನು ದನಿ ಏರಿಸಿದೆ. ಅಲ್ಲಿಗೆ ಮುಗಿಯಿತು.

ಮಾರನೇ ದಿನ ನಮ್ಮ ಸೂಪರಿಂಟೆಂಡೆಂಟ್ ಮೇಡಂ ಕೇಳಿದರು, "ಅವ್ರು ಕೇಳಿದ್ದಕ್ಕೆ ಉತ್ತರ ಕೊಟ್ರಾ?" ಕೊಟ್ಟಿರಲಿಲ್ಲ.

ಉತ್ತರ ನನ್ನ ಬಿಲ್ಲಿನಲ್ಲೇ ಇತ್ತು. ಎನ್‌ಪಿಎಸ್‌ಗೆ ನೌಕರ ತಿಂಗಳಿಗೆ ಮೂಲ ವೇತನ, ತುಟ್ಟಿಭತ್ಯೆಯ ಶೇ 10 ಕಟ್ಟಿದರೆ ಸರ್ಕಾರ ಶೇ 14 ಕಟ್ಟುತ್ತದೆ. ಹಳೇ ಪಿಂಚಣಿಗೆ ಮರಳಿದರೆ ಆ ಶೇ 14 ಇವತ್ತೇ ಉಳಿಯುತ್ತದೆ. ಭಾರ ಬೀಳುವುದು ಮುಂದೆ, ಈಗಿನವರು ಸಾಲಾಗಿ ನಿವೃತ್ತರಾದಾಗ. ಆಗ ದೊಡ್ಡದಾಗಿಯೇ ಬೀಳುತ್ತದೆ. ಇದನ್ನು ನಾವು ಮನವಿಯಲ್ಲಿ ಬರೆದೇ ಇರಲಿಲ್ಲ. ಈಗಾಗಲೇ ಕಟ್ಟಿದ ಹಣ ರಾಜ್ಯಗಳಿಗೆ ವಾಪಸ್ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ ಅಂತ ಕೇಂದ್ರ ಹೇಳಿದ್ದನ್ನೂ ಬರೆದಿರಲಿಲ್ಲ. ನಮಗೆ ಗೊತ್ತಿತ್ತು, ಆದರೂ ಬಿಟ್ಟಿದ್ದೆವು.

ಆ ನಾಯಕರ ಹಠ ತಪ್ಪು ಅಂತ ಈಗಲೂ ಹೇಳುತ್ತೇನೆ. ಮನವಿ ಓದದೆಯೇ ಆಗಲ್ಲ ಅನ್ನುವುದು ಯಾವ ನ್ಯಾಯ? ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ಎರಡನೇ ಸಲ ಒಂದೇ ಹಾಳೆ ಒಯ್ದೆ. ಎಡಕ್ಕೆ ಇವತ್ತು ಉಳಿಯುವುದು, ಬಲಕ್ಕೆ ಮುಂದೆ ಬೀಳುವುದು. ಕೆಳಗೆ ಆ 4,000. ಪಕ್ಕದಲ್ಲಿ ಕೇಂದ್ರ ತನ್ನ ನೌಕರರಿಗೆ ತಂದ ಏಕೀಕೃತ ಪಿಂಚಣಿ ಯೋಜನೆ, ಯುಪಿಎಸ್: 2025ರ ಏಪ್ರಿಲ್ 1ರಿಂದ ಜಾರಿ, 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ.

"ಭಾರ ಆಗುತ್ತೆ ಅಂತ ನೀವೇ ಬರ್ದಿದೀರಲ್ರೀ" ಅಂದರು.

"ಹೌದು ಸಾರ್. ಅದಕ್ಕೇ ಕೂತು ಲೆಕ್ಕ ಹಾಕೋಣ ಅಂತ ಬಂದಿದೀವಿ."

ಒಪ್ಪಲಿಲ್ಲ. ಆದರೆ ಕುರ್ಚಿ ತೋರಿಸಿದರು. 4,000 ಹೇಗೆ ಬಂತು ಅಂತ ಎರಡು ಸಲ ಬಿಡಿಸಿ ಕೇಳಿದರು.