ಪೂರ್ತಿ ಹೆಸರು ಕೇಳಿದ ಗೆಳೆಯ

ಅಕ್ಟೋಬರ್ 13, 2024, ಭಾನುವಾರ
ಪಿಟ್ಸ್‌ಬರ್ಗ್

ನಿನ್ನೆ ವಿಜಯದಶಮಿ. ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದೆವು. ಬೆಳಿಗ್ಗೆ ಎದ್ದು ಒಂದೊಂದೇ ಗೊಂಬೆಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದೆವು. ಮೂರನೇ ಮೆಟ್ಟಿಲ ಮೂಲೆಯಲ್ಲಿ, ಶೆಟ್ಟರ ಅಂಗಡಿಯ ಪಕ್ಕ, ಒಂದು ಬೇಸ್‌ಬಾಲ್ ಕಾರ್ಡ್, ಅಂದರೆ ಆಟಗಾರನ ಚಿತ್ರ ಅಚ್ಚಾದ ಪುಟ್ಟ ರಟ್ಟು, ಇನ್ನೂ ನಿಂತಿತ್ತು.

"ಇದನ್ನೂ ಗೊಂಬೆಗಳ ಜೊತೆಗೇ ಕಟ್ಟಲಾ?" ಅಂತ ಹೆಂಡತಿ ಕೇಳಿದಳು.

ಪ್ರತಿ ವರ್ಷ ಆ ಕಾರ್ಡನ್ನು ಈ ಊರಿನ ನನ್ನ ಹಿರಿಯ ಗೆಳೆಯರೊಬ್ಬರು ತರುತ್ತಿದ್ದರು, ದಸರಾ ಮುಗಿದ ಮೇಲೆ ಅವರೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಈ ವರ್ಷ ಅವರಿಲ್ಲ. ಮೇ ತಿಂಗಳಲ್ಲಿ ತೀರಿಕೊಂಡರು. 78 ವರ್ಷವಾಗಿತ್ತು. ಅವರ ಹೆಂಡತಿ ಬೇಸಿಗೆಯಲ್ಲಿ ನಮ್ಮನ್ನು ಕರೆದು ಕಾರ್ಡುಗಳ ಒಂದು ಡಬ್ಬಿ ಕೊಟ್ಟರು. ಅದರಿಂದ ಈ ಕಾರ್ಡನ್ನು ಹುಡುಕಿ ತೆಗೆದು ಮೆಟ್ಟಿಲ ಮೇಲೆ ಇಟ್ಟವಳು ನನ್ನ ಮಗಳು. ನಾನು ಹೇಳಿರಲಿಲ್ಲ.

ಹೆಂಡತಿಗೆ ಏನೂ ಉತ್ತರ ಕೊಡದೆ ಕಾರ್ಡನ್ನು ಜಾಕೆಟ್ ಜೇಬಿಗೆ ಹಾಕಿಕೊಂಡೆ. ಇವತ್ತು ಅಕ್ಟೋಬರ್ 13. ಮಧ್ಯಾಹ್ನ ಗೋಡೆಯ ಹತ್ತಿರ ಹೋಗಬೇಕಿತ್ತು.

ಗೋಡೆಯ ವಿಷಯ ಆಮೇಲೆ ಬರೀತೀನಿ. ಮೊದಲು ಅವರ ಬಗ್ಗೆ.

ಅವರನ್ನು ಮೊದಲು ನೋಡಿದ್ದು 2003ರ ಚಳಿಗಾಲದಲ್ಲಿ. ನಾನು ಈ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಒಬ್ಬನೇ. ಶನಿವಾರ ಬಂತೆಂದರೆ ಹೊತ್ತು ಹೋಗುತ್ತಿರಲಿಲ್ಲ. ಮನ್ರೊವಿಲ್‌ನ ಒಂದು ಹಾಲ್‌ನಲ್ಲಿ ಕಾರ್ಡ್ ಷೋ ಅಂತ ಬೋರ್ಡ್ ನೋಡಿ ಸುಮ್ನೆ ಒಳಗೆ ಹೋದೆ. ಉದ್ದಕ್ಕೂ ಟೇಬಲ್‌ಗಳು, ಗಾಜಿನ ಪೆಟ್ಟಿಗೆಗಳು, ಡಾಲರ್‌ಗೊಂದು ಕಾರ್ಡಿನ ಉದ್ದನೆಯ ಡಬ್ಬಿಗಳು. ಬೇಸ್‌ಬಾಲ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆದರೆ ಒಂದು ಟೇಬಲ್ ಮುಂದೆ ಕಾಲು ನಿಂತಿತು. ಅಲ್ಲಿ ಪುಟ್ಟ ಪುಟ್ಟ ಕಾರ್ಡುಗಳಿದ್ದವು. ಹೆಚ್ಚುಕಮ್ಮಿ ಬೆಂಕಿಪೊಟ್ಟಣದಷ್ಟೇ ಅಗಲ, ಸ್ವಲ್ಪ ಜಾಸ್ತಿ ಉದ್ದ. ಕಿತ್ತಳೆ, ಹಸಿರು, ನೀಲಿ ಆಕಾಶದ ಮುಂದೆ ಕೋಟಿನ ಕಾಲರ್ ಎತ್ತಿ ನಿಂತ ಗಂಡಸರ ಚಿತ್ರಗಳು.

ನಾನು ಬೆಳೆದದ್ದು ತಿಪಟೂರಿನಲ್ಲಿ. ಬೆಂಕಿಪೊಟ್ಟಣದ ಚಿತ್ರಗಳನ್ನು ಕಿತ್ತು, ಅಂಟು ಹಾಕಿ, ಹಳೇ ನೋಟ್‌ಬುಕ್ಕಿನಲ್ಲಿ ಜೋಡಿಸಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಬೀಡಿ ಸೇದುವವರ ಹತ್ತಿರ ಹೋಗಿ ಖಾಲಿ ಪೊಟ್ಟಣ ಕೇಳುತ್ತಿದ್ದೆವು. ಆ ಪುಸ್ತಕ ಎಲ್ಲಿ ಹೋಯಿತೋ. ಮನ್ರೊವಿಲ್‌ನ ಆ ಟೇಬಲ್ ಮುಂದೆ ಅದು ಒಂದೇ ಸಲ ನೆನಪಾಯಿತು.

"ಇವೇನು?" ಅಂತ ಕೇಳಿದೆ. ಟೇಬಲ್‌ನವನು ಬೇರೆ ಗಿರಾಕಿಯ ಜೊತೆ ಮಾತಾಡುತ್ತಿದ್ದ. ಉತ್ತರ ಕೊಟ್ಟವರು ನನ್ನ ಪಕ್ಕದಲ್ಲಿ ಭೂತಗನ್ನಡಿ ಹಿಡಿದು ನಿಂತಿದ್ದ ಎತ್ತರದ ಮನುಷ್ಯ. ಮುಕ್ಕಾಲು ಗಂಟೆ ಹೇಳಿದರು.

ಅವು ಟಿ206 ಕಾರ್ಡುಗಳು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟ್ ಪ್ಯಾಕಿನೊಳಗೆ ಹಾಕಿ ಕೊಟ್ಟದ್ದು. ಹಿಂಭಾಗದಲ್ಲಿ ಸಿಗರೇಟಿನ ಜಾಹೀರಾತು ಇರುತ್ತದೆ. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಎಂಬ ಹೆಸರುಗಳು ಜಾಸ್ತಿ ಸಿಗುತ್ತವೆ. ಆಗಿನ ಹುಡುಗರು ಅಂಗಡಿಯ ಹೊರಗೆ ನಿಂತು ಸಿಗರೇಟ್ ಕೊಂಡವರ ಹತ್ತಿರ ಕಾರ್ಡ್ ಬೇಡುತ್ತಿದ್ದರಂತೆ. ನಾನು ತಿಪಟೂರಿನ ಬಸ್ ಸ್ಟ್ಯಾಂಡಿನ ಕಥೆ ಹೇಳಿದೆ. ಅವರು ಭೂತಗನ್ನಡಿ ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ ನನ್ನ ಹೆಸರು ಕೇಳಿದರು.

ಆಫೀಸಿನಲ್ಲಿ ಅಷ್ಟು ಹೊತ್ತಿಗೆ ನನ್ನ ಹೆಸರನ್ನು ಮೊದಲ ಎರಡಕ್ಷರಕ್ಕೆ ನಿಲ್ಲಿಸಿದ್ದರು. ನಾನೂ ಅದಕ್ಕೇ ಒಪ್ಪಿಕೊಂಡು, ಎಲ್ಲರಿಗೂ ಅದನ್ನೇ ಹೇಳುತ್ತಿದ್ದೆ. ಅವರಿಗೂ ಅದನ್ನೇ ಹೇಳಿದೆ.

"ಅದು ಪೂರ್ತಿ ಹೆಸರಾ?" ಅಂದರು.

ಅಲ್ಲ ಅಂದೆ. ಪೂರ್ತಿ ಹೇಳಿದೆ. ಅವರು ರಸೀದಿಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಂಡು, ಮಧ್ಯದ ಒತ್ತಕ್ಷರಕ್ಕೆ ನಾಲಿಗೆ ಹೊರಳುವ ತನಕ ಐದಾರು ಸಲ ಹೇಳಿದರು. ಆಮೇಲಿನ 21 ವರ್ಷ ಒಂದು ದಿನವೂ ಅದನ್ನು ಮೊಟಕು ಮಾಡಲಿಲ್ಲ.

ಅವರು ಹೋಮ್‌ಸ್ಟೆಡ್‌ನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1986ರಲ್ಲಿ ಅದು ಮುಚ್ಚಿದ ಮೇಲೆ ಸ್ಕೂಲ್ ಬಸ್ ಓಡಿಸಿದರು. ದುಡ್ಡು ಜಾಸ್ತಿ ಇರಲಿಲ್ಲ. ಹೆಸರಾದ ಆಟಗಾರ ಹೋನಸ್ ವ್ಯಾಗ್ನರ್ ಹುಟ್ಟಿ ಬೆಳೆದದ್ದು ಇಲ್ಲೇ ಪಕ್ಕದ ಕಾರ್ನೆಗಿಯಲ್ಲಿ, ಆಡಿದ್ದು ನಮ್ಮ ಊರಿನ ಬೇಸ್‌ಬಾಲ್ ತಂಡ ಪೈರೇಟ್ಸ್‌ಗೆ. ಟಿ206ರಲ್ಲಿ ಅವನ ಕಾರ್ಡ್ ಅಚ್ಚಾದದ್ದು ಬಹಳ ಕಡಿಮೆ, 2022ರಲ್ಲಿ ಒಂದು ಕಾರ್ಡ್ 72.5 ಲಕ್ಷ ಡಾಲರಿಗೆ ಹೋಯಿತು. ಆ ಸುದ್ದಿ ಬಂದ ದಿನ ಫೋನ್ ಮಾಡಿ ಕೇಳಿದ್ದಕ್ಕೆ, "ಕೊಂಡವರು ಚೆನ್ನಾಗಿ ನೋಡಿಕೊಳ್ಳಲಿ" ಅಂದರು, ಅಷ್ಟೇ. ಅವರು ಕೊಳ್ಳುತ್ತಿದ್ದದ್ದು ಮೂಲೆ ಸವೆದ, ಮಧ್ಯಕ್ಕೆ ಮಡಿಕೆ ಬಿದ್ದ, ಯಾವುದೋ ಹುಡುಗ ಪೆನ್ಸಿಲ್‌ನಲ್ಲಿ ಗೀಚಿದ ಕಾರ್ಡುಗಳನ್ನು. ಗ್ರೇಡಿಂಗ್‌ಗೆ, ಅಂದರೆ ಕಾರ್ಡಿನ ಸ್ಥಿತಿಗೆ ಅಂಕ ಹಾಕಿಸಲು, ಕಳಿಸಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಸುವುದು ಅವರಿಗೆ ಬೇಕಿರಲಿಲ್ಲ. ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಹಿಂದೆ ಓದಬೇಕು ಅನ್ನುತ್ತಿದ್ದರು.

ಅವರು ಗೌರವದಿಂದ ನೆನೆಯುತ್ತಿದ್ದ ಇನ್ನೊಬ್ಬ ಮನುಷ್ಯ ಆಟಗಾರನೇ ಅಲ್ಲ. ಸಿರಕ್ಯೂಸ್‌ನ ಜೆಫರ್ಸನ್ ಬರ್ಡಿಕ್. ಟಿ206 ಅನ್ನುವ ಹೆಸರು ಬಂದದ್ದೇ ಅವನ ಕ್ಯಾಟಲಾಗ್‌ನಿಂದ. ಟಿ ಅಂದರೆ ತಂಬಾಕು. ಅವನಿಗಿಂತ ಮುಂಚೆ ಇವೆಲ್ಲ ಯಾರ ಮನೆಯ ಡ್ರಾಯರಿನಲ್ಲೋ ಬಿದ್ದಿದ್ದ ಹೆಸರಿಲ್ಲದ ಚೀಟಿಗಳು. ಕೀಲುವಾತದಿಂದ ಅವನ ಕೈ ಸೊಟ್ಟಗಾಗಿತ್ತು. ಆ ಕೈಯಲ್ಲೇ ಮೂರು ಲಕ್ಷಕ್ಕೂ ಜಾಸ್ತಿ ಕಾರ್ಡು, ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ಅಲ್ಲೇ ಕೂತು ವರ್ಷಗಟ್ಟಲೆ ಆಲ್ಬಮ್‌ಗಳಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚ್‌ನಲ್ಲಿ ಅವನು ತೀರಿಕೊಂಡ. ಇದನ್ನು ಹೇಳುವಾಗ ನನ್ನ ಗೆಳೆಯರ ದನಿ ಪ್ರತಿ ಸಲ ತಗ್ಗುತ್ತಿತ್ತು.

ಆದರೆ ಅವರ ಜೀವ ಇದ್ದದ್ದು ರೊಬೆರ್ಟೊ ಕ್ಲೆಮೆಂಟೆಯಲ್ಲಿ.

ಪೋರ್ಟೊರಿಕೊದಿಂದ ಬಂದ ಹುಡುಗ. 1955ರಿಂದ 18 ಸೀಸನ್ ಪೈರೇಟ್ಸ್‌ಗೆ ಆಡಿದ. ಸರಿಯಾಗಿ 3000 ಹಿಟ್, ಅಂದರೆ ಅಷ್ಟು ಸಲ ಚೆಂಡು ಹೊಡೆದು ಬೇಸ್ ಮುಟ್ಟಿದ್ದ. 1972ರ ಡಿಸೆಂಬರ್ 31ರ ರಾತ್ರಿ, ಭೂಕಂಪವಾಗಿದ್ದ ನಿಕರಾಗುವಾಕ್ಕೆ ಪರಿಹಾರದ ಸಾಮಾನು ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿತ್ತು. ಅವನಿಗೆ 38 ವರ್ಷ. ದೇಹವೂ ಸಿಗಲಿಲ್ಲ. ಈ ಊರಿನಲ್ಲಿ ಅವನ ಹೆಸರಿನ ಸೇತುವೆ ಇದೆ. ಹಳೇ ಪಿಟ್ಸ್‌ಬರ್ಗಿನ ಜನ ಅವನ ಬಗ್ಗೆ ಮಾತಾಡುವ ರೀತಿ ಕೇಳಿದರೆ ನಮ್ಮ ಕಡೆ ಊರಿಗೆ ಕೆರೆ ಕಟ್ಟಿಸಿದವರ ಬಗ್ಗೆ ಮಾತಾಡುವ ಹಾಗೆ ಇರುತ್ತದೆ.

ಇಂಥವನ ಹೆಸರನ್ನು ಟಾಪ್ಸ್ ಕಂಪನಿ 1957ರಿಂದ 1969ರವರೆಗೆ ತನ್ನ ಕಾರ್ಡುಗಳಲ್ಲಿ "ಬಾಬ್ ಕ್ಲೆಮೆಂಟೆ" ಅಂತ ಅಚ್ಚು ಹಾಕಿತು. ಮೊದಲ ಎರಡು ವರ್ಷ ರೊಬೆರ್ಟೊ ಅಂತ ಸರಿಯಾಗೇ ಇತ್ತು. ಆಮೇಲೆ 13 ವರ್ಷ ಬಾಬ್, ಇಂಗ್ಲಿಷಿನವರ ಮೊಟಕು ಹೆಸರು. ಪತ್ರಿಕೆಯವರೂ ಹಾಗೇ ಬರೆಯುತ್ತಿದ್ದರು. ಅವನಿಗೆ ಅದು ಇಷ್ಟವಿರಲಿಲ್ಲ. ದೊಡ್ಡ ಆಟಗಾರರನ್ನು ಗೌರವಿಸುವ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನ ಫಲಕದಲ್ಲೂ ತಾಯಿಯ ಕಡೆಯ ಹೆಸರನ್ನು ಮಧ್ಯಕ್ಕೆ ಸೇರಿಸಿ ತಪ್ಪು ಮಾಡಿದ್ದರು. 2000ದಲ್ಲಿ ಹೊಸದಾಗಿ ಎರಕ ಹೊಯ್ದು "ರೊಬೆರ್ಟೊ ಕ್ಲೆಮೆಂಟೆ ವಾಕರ್" ಅಂತ ಸರಿಮಾಡಿದರು. ಆ ವರ್ಷ ನನ್ನ ಗೆಳೆಯರು ಅದನ್ನು ನೋಡಲಿಕ್ಕೆಂದೇ ಕೂಪರ್ಸ್‌ಟೌನ್‌ಗೆ ಕಾರ್ ಓಡಿಸಿಕೊಂಡು ಹೋಗಿದ್ದರಂತೆ.

ತಮ್ಮ ಹತ್ತಿರದ ಆ 13 ಕಾರ್ಡುಗಳಿಗೂ ಅವರು ಒಂದು ಕೆಲಸ ಮಾಡಿದ್ದರು. ಕಾರ್ಡಿನ ಮೇಲೆ ಏನೂ ಬರೆದಿಲ್ಲ. ಪ್ಲಾಸ್ಟಿಕ್ ಕವರಿನ ಮೇಲೆ, ಬಾಬ್ ಅನ್ನುವುದು ಸರಿಯಾಗಿ ಮುಚ್ಚುವ ಹಾಗೆ, ಅಳತೆ ಮಾಡಿ ಕತ್ತರಿಸಿದ ಕಾಗದ. ಅದರಲ್ಲಿ ಅವರ ಕೈಬರಹದಲ್ಲಿ "ರೊಬೆರ್ಟೊ."

ಗೊಂಬೆ ಮೆಟ್ಟಿಲ ಮೇಲೆ ಇರುತ್ತಿದ್ದದ್ದು ಅವುಗಳಲ್ಲೊಂದು, 1960ರದು. ಆ ವರ್ಷದ ಕಾರ್ಡುಗಳು ಅಡ್ಡಡ್ಡ ಇವೆ, ಒಂದು ಕಡೆ ಬಣ್ಣದ ಮುಖ, ಇನ್ನೊಂದು ಕಡೆ ಕಪ್ಪು ಬಿಳುಪಿನಲ್ಲಿ ಆಡುವ ಭಂಗಿ. ನಮ್ಮ ಮನೆಗೆ ಮೊದಲ ಸಲ ದಸರಾಕ್ಕೆ ಬಂದಾಗ ಅವರು ಮಂಡಿನೋವು ಲೆಕ್ಕಿಸದೆ ನೆಲದ ಮೇಲೆ ಕೂತರು. ಒಂದೊಂದು ಗೊಂಬೆಯನ್ನೂ ತೋರಿಸಿ, ಇದರ ಹೆಸರೇನು, ಇದರ ಹೆಸರೇನು ಅಂತ ಕೇಳಿದರು. ನನ್ನ ಹೆಂಡತಿ ಮೈಸೂರಿನವಳು. ಅವಳಿಗೆ ಇದಕ್ಕಿಂತ ಸಂತೋಷ ಬೇರೆ ಬೇಕಿರಲಿಲ್ಲ. ಕಡಲೆಕಾಳಿನ ಉಸಲಿ ಎರಡು ಸಲ ಹಾಕಿಸಿಕೊಂಡರು. ಮುಂದಿನ ವರ್ಷ ಬರುವಾಗ ಕ್ಲೆಮೆಂಟೆಯನ್ನು ತಂದರು. ಮಗಳು ಆಗ ಪುಟ್ಟವಳು. ಶೆಟ್ಟರ ಅಂಗಡಿಯ ಪಕ್ಕ ಜಾಗ ಮಾಡಿದಳು. ಅವಳು ಅವರನ್ನು "ತಾತ" ಅನ್ನುತ್ತಿದ್ದಳು. ಅವಳ ಹತ್ತಿರವೇ ಕನ್ನಡ ಅಕ್ಷರ ಕಲಿಯಲು ಕೂತು, ನನ್ನ ಹೆಸರು ಬರೆಯುವಷ್ಟು ಕಲಿತರು. ಬೇಸಿಗೆಯಲ್ಲಿ ಸಿಕ್ಕ ಡಬ್ಬಿಯ ಮುಚ್ಚಳದ ಮೇಲೆ ಅದನ್ನೇ ಬರೆದಿದ್ದಾರೆ. ಒತ್ತು ಅರ್ಧ ಇಂಚು ಬಲಕ್ಕೆ ಸರಿದು ಮುಂದಿನ ಅಕ್ಷರದ ಕೆಳಗೆ ಕೂತಿದೆ. ಅಕ್ಷರ ಒಂದೂ ಬಿಟ್ಟಿಲ್ಲ.

ಈಗ ಗೋಡೆ.

ಪೈರೇಟ್ಸ್ ಆಡುತ್ತಿದ್ದ ಹಳೇ ಮೈದಾನ ಫೋರ್ಬ್ಸ್ ಫೀಲ್ಡ್. ಅದನ್ನು ಕೆಡವಿ ಐವತ್ತು ವರ್ಷ ದಾಟಿತು. ಓಕ್‌ಲ್ಯಾಂಡಿನಲ್ಲಿ, ಯೂನಿವರ್ಸಿಟಿ ಕಟ್ಟಡಗಳ ಮಧ್ಯೆ, ಇಟ್ಟಿಗೆಯ ಗೋಡೆಯ ಒಂದು ಭಾಗ ಮಾತ್ರ ಉಳಿದಿದೆ. 1960ರ ಅಕ್ಟೋಬರ್ 13, ಗುರುವಾರ, ಅಲ್ಲಿ ಬೇಸ್‌ಬಾಲ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸಿನ ಏಳನೇ, ಕೊನೆಯ ಆಟ. ಎದುರಾಳಿ ನ್ಯೂಯಾರ್ಕಿನ ಯಾಂಕೀಸ್. 9–9 ಸಮ. ಒಂಬತ್ತನೇ ಇನಿಂಗ್ಸ್‌ನ ಕೊನೆಯಲ್ಲಿ ಪೈರೇಟ್ಸ್‌ನ ಬಿಲ್ ಮಜೆರಾಸ್ಕಿ ಹೊಡೆದ ಚೆಂಡು ಯಾಂಕೀಸ್‌ನ ಫೀಲ್ಡರ್ ಯೋಗಿ ಬೆರಾನ ತಲೆಯ ಮೇಲಿಂದ ಗೋಡೆ ದಾಟಿತು. 10–9. ಆಗ ಮಧ್ಯಾಹ್ನ 3 ಗಂಟೆ 36 ನಿಮಿಷ. ಅದಕ್ಕೇ ಪ್ರತಿ ವರ್ಷ ಈ ದಿನ ಜನ ಗೋಡೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವತ್ತಿನ ರೇಡಿಯೊ ಕಾಮೆಂಟರಿಯ ರೆಕಾರ್ಡಿಂಗನ್ನು ಒಂದು ಗಂಟೆಗೆ ಶುರು ಮಾಡಿ, ಆ ಹೊಡೆತ ಸರಿಯಾಗಿ 3:36ಕ್ಕೇ ಬರುವ ಹಾಗೆ ಹಾಕುತ್ತಾರೆ.

ನನ್ನ ಗೆಳೆಯರಿಗೆ ಆಗ 14 ವರ್ಷ. ಶಾಲೆ ಬಿಟ್ಟ ಮೇಲೆ ಹೋಮ್‌ಸ್ಟೆಡ್‌ನ ಕ್ಷೌರದಂಗಡಿಯ ಬಾಗಿಲಲ್ಲಿ ನಿಂತು ಇದೇ ರೇಡಿಯೊ ಕೇಳಿದ್ದರು. ಕೇಳಿ, ಓಡಿ ಮನೆಗೆ ಹೋಗಿ, ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಅಪ್ಪನನ್ನು ಎಬ್ಬಿಸಿ ಸುದ್ದಿ ಹೇಳಿದರು. "ಎಸೆದವನು ಯಾರು?" ಅಂತ ಅಪ್ಪ ಕೇಳಿದರು. "ಡಿಟ್‌ಮಾರ್" ಅಂದರು. ರೇಡಿಯೊದಲ್ಲಿ ಕಾಮೆಂಟರಿಯ ಚಕ್ ಥಾಂಪ್ಸನ್ ಹೇಳಿದ್ದೇ ಹಾಗೆ. ಆದರೆ ನಿಜಕ್ಕೂ ಎಸೆದವನು ರಾಲ್ಫ್ ಟೆರ್ರಿ. ಆರ್ಟ್ ಡಿಟ್‌ಮಾರ್ ಆ ಹೊತ್ತಿಗೆ ಹೊರಗೆ ಎಸೆತದ ತಾಲೀಮು ಮಾಡುತ್ತಿದ್ದ. ಮರುದಿನ ಪತ್ರಿಕೆ ನೋಡಿದ ಅಪ್ಪ ಏನೂ ಬೈಯಲಿಲ್ಲ. "ಹೆಸರು ಸರಿಯಾಗಿ ಹೇಳಬೇಕು ಕಣೋ. ಡಿಟ್‌ಮಾರ್ ಮನೆಯವರೂ ಪೇಪರ್ ಓದ್ತಾರೆ" ಅಂದರಂತೆ, ಅಷ್ಟೇ.

ಅದನ್ನು ಅವರು ಅರವತ್ತು ವರ್ಷ ಮರೆಯಲಿಲ್ಲ. ಗೋಡೆಯ ಹತ್ತಿರ ರೆಕಾರ್ಡಿಂಗಿನಲ್ಲಿ "ಡಿಟ್‌ಮಾರ್" ಅಂತ ಬಂದ ಕೂಡಲೇ ಅವರು ಕುರ್ಚಿಯಿಂದ ಎದ್ದು "ಟೆರ್ರಿ!" ಅಂತ ಕೂಗುತ್ತಿದ್ದರು. ನಾನು ಜೊತೆಗೆ ಹೋದ ವರ್ಷಗಳಲ್ಲಿ ಒಂದು ಸಲವೂ ತಪ್ಪಿಸಲಿಲ್ಲ. ಹೋದ ವರ್ಷ ಎದ್ದು ನಿಲ್ಲಲು ಆಗಲಿಲ್ಲ. ನನ್ನ ತೋಳು ಹಿಡಿದುಕೊಂಡು, ಕೂತಲ್ಲಿಂದಲೇ ಕೂಗಿದರು.

ಇವತ್ತು ಮಗಳು ನಾನೂ ಬರ್ತೀನಿ ಅಂದಳು. ಇಬ್ಬರೂ ಹೋದೆವು. ಅವರ ಮಡಚುವ ಕುರ್ಚಿ ಕಳೆದ ವರ್ಷದಿಂದ ನನ್ನ ಕಾರಿನಲ್ಲೇ ಇತ್ತು. ಅದನ್ನು ಬಿಡಿಸಿ ಹಾಕಿದೆವು. ಯಾರೂ ಕೂರಲಿಲ್ಲ. ಪರಿಚಯದ ಕೆಲವರು ಬಂದು ಕೈ ಹಿಡಿದು ಮಾತಾಡಿಸಿದರು. ಎಂಟನೇ ಇನಿಂಗ್ಸ್ ಹೊತ್ತಿಗೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಫಲಿತಾಂಶ ಗೊತ್ತಿರುವ ಆಟ, ಆದರೂ. ಜೇಬಿನಲ್ಲಿದ್ದ ಕಾರ್ಡನ್ನು ಹೊರಗೆ ತೆಗೆದು ಹಿಡಿದುಕೊಂಡೆ.

3:36. ರೇಡಿಯೊದಲ್ಲಿ "ಡಿಟ್‌ಮಾರ್" ಅಂತ ಬಂತು.

ನಾನು ಎದ್ದು ನಿಂತು ಬಾಯಿ ತೆರೆದೆ. ಗಂಟಲು ಕಟ್ಟಿತು, ಸ್ವರ ಬರಲಿಲ್ಲ. ಪಕ್ಕದಿಂದ ಮಗಳು ಕೂಗಿದಳು, "ಟೆರ್ರಿ!"