ಮಾಗಡಿ ಕೆರೆಯ ದಂಡೆಯಲ್ಲಿ ಕ್ಯಾಮೆರಾ ಮತ್ತು ಪವರ್ ಬ್ಯಾಂಕ್

ಚಳಿಗಾಲ ಬಂತೆಂದರೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಇಳಿಯುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದ ಈ ಕೆರೆಯಿಂದ ಅವು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಮರಳುವುದನ್ನು ಬೆಳಗಿನಿಂದ ಸಂಜೆಯವರೆಗೆ, ನಿಮಿಷಕ್ಕೊಂದು ಚಿತ್ರದಂತೆ ತೆಗೆದು, ಅವನ್ನು ಜೋಡಿಸಿ ವೇಗವಾಗಿ ಓಡುವ ಟೈಮ್‌ಲ್ಯಾಪ್ಸ್ ವಿಡಿಯೊ ಮಾಡಬೇಕೆಂಬುದು ನನ್ನ ಬಹುದಿನಗಳ ಆಸೆಯಾಗಿತ್ತು. ದಂಡೆಯಲ್ಲಿ ಪ್ಲಗ್ ಸಿಗುವುದಿಲ್ಲ. ನನ್ನ ಕ್ಯಾಮೆರಾದ ಚಿಕ್ಕ ಬ್ಯಾಟರಿ ಅಷ್ಟು ಹೊತ್ತು ಬಾಳುವುದೂ ಇಲ್ಲ. ಆದ್ದರಿಂದ 10,000 ಎಂಎಎಚ್‌ನ (ಮಿಲಿಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಪವರ್ ಬ್ಯಾಂಕ್ ಒಂದನ್ನು ಜೊತೆಗೆ ಒಯ್ದೆ.

ಮೊದಲು ನಾನು ಹಾಕಿದ ಲೆಕ್ಕವೇ ತಪ್ಪಾಗಿತ್ತು. ಕ್ಯಾಮೆರಾದ ಬ್ಯಾಟರಿ 1,020 ಎಂಎಎಚ್, ಪವರ್ ಬ್ಯಾಂಕ್ ಅದರ ಹತ್ತು ಪಟ್ಟು, ಹಾಗಾದರೆ ಹತ್ತು ಬ್ಯಾಟರಿಗಳಷ್ಟು ಕೆಲಸ ಆದೀತು ಎಂದುಕೊಂಡಿದ್ದೆ. ಆದರೆ ಪವರ್ ಬ್ಯಾಂಕಿನ ಮೇಲೆ ಬರೆದ ಎಂಎಎಚ್ ಅದರ ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕದ್ದು, ಕ್ಯಾಮೆರಾ ಬ್ಯಾಟರಿಯದು 7.2 ವೋಲ್ಟ್‌ನದು. ಎಂಎಎಚ್ ಅನ್ನು ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ, ಎರಡನ್ನೂ ಒಟ್ಟು ಶಕ್ತಿಯ ಅಳತೆಯಾದ ವ್ಯಾಟ್-ಅವರ್‌ಗೆ ಇಳಿಸಿ ನೋಡಿದರೆ ಮೊದಲನೆಯದರಲ್ಲಿ 37, ಎರಡನೆಯದರಲ್ಲಿ ಸುಮಾರು 7.3. ಅಂದರೆ ಐದು ಪಟ್ಟು ಮಾತ್ರ. ವೋಲ್ಟೇಜ್ ಬದಲಾಗುವಾಗ ಶಾಖವಾಗಿ ಹೋಗುವ ಪಾಲನ್ನೂ ಕಳೆದರೆ ಮೂರೂವರೆ, ಹೆಚ್ಚೆಂದರೆ ನಾಲ್ಕು ಬ್ಯಾಟರಿಗಳಷ್ಟು ಎಂದು ಹಿಡಿಯುವುದೇ ಕ್ಷೇಮ. ವಿಮಾನದಲ್ಲಿ ಒಯ್ಯುವ ನಿಯಮವೂ ವ್ಯಾಟ್-ಅವರ್‌ನಲ್ಲಿಯೇ ಇದೆ: ವಿಮಾನ ಸಂಸ್ಥೆಯ ಅನುಮತಿಯಿಲ್ಲದೆ ಒಯ್ಯಬೇಕಾದರೆ ಪವರ್ ಬ್ಯಾಂಕ್ 100ರ ಒಳಗಿರಬೇಕು ಮತ್ತು ಕೈಚೀಲದಲ್ಲಿಯೇ ಇರಬೇಕು.

ಆ ದಿನ ಕ್ಯಾಮೆರಾದ ಒಳಗೆ ನಾನು ಕೂಡಿಸಿದ್ದು ಡಮ್ಮಿ ಬ್ಯಾಟರಿ. ನೋಡಲು ಬ್ಯಾಟರಿಯ ಆಕಾರದಲ್ಲಿಯೇ ಇರುವ ಇದರೊಳಗೆ ಸೆಲ್ ಇರುವುದಿಲ್ಲ. ಇದರ ಕೇಬಲ್ ಯುಎಸ್‌ಬಿಯ 5 ವೋಲ್ಟನ್ನು ಕ್ಯಾಮೆರಾಕ್ಕೆ ಬೇಕಾದಷ್ಟಕ್ಕೆ ಏರಿಸಿ ಒಳಗೆ ಕೊಡುತ್ತದೆ. ಹೆಬ್ಬಾತುಗಳ ಮೊದಲ ಗುಂಪು ಎದ್ದು ಹಾರುವಾಗ ಎಲ್ಲವೂ ಸರಿಯಾಗಿತ್ತು. ಅರ್ಧ ಗಂಟೆಯ ಮೇಲೆ ಬಂದು ನೋಡಿದರೆ ಕ್ಯಾಮೆರಾ ಪೂರ್ತಿ ಆಫ್ ಆಗಿತ್ತು, ಪವರ್ ಬ್ಯಾಂಕ್ ಮಾತ್ರ ತುಂಬಿಯೇ ಇತ್ತು. ಆ ಬೆಳಗು ಮತ್ತೆ ಬರುವುದಿಲ್ಲವಲ್ಲ ಎಂದು ಬಹಳ ನೊಂದುಕೊಂಡೆ.

ಕಾರಣ ಮನೆಗೆ ಬಂದ ಮೇಲೆ ತಿಳಿಯಿತು. ಎರಡು ಚಿತ್ರಗಳ ನಡುವೆ ಕ್ಯಾಮೆರಾ ನಿದ್ರೆಗೆ ಜಾರಿದಾಗ ಅದು ಎಳೆದುಕೊಳ್ಳುವ ಕರೆಂಟ್ ತೀರ ಅಲ್ಪವಾಗುತ್ತದೆ. ಪವರ್ ಬ್ಯಾಂಕ್‌ಗಳನ್ನು ಮುಖ್ಯವಾಗಿ ಫೋನ್ ಚಾರ್ಜ್ ಮಾಡುವುದಕ್ಕೆಂದು ರೂಪಿಸಿರುವುದರಿಂದ, ಕರೆಂಟ್ ಅಷ್ಟು ಇಳಿದರೆ ಚಾರ್ಜ್ ಮುಗಿಯಿತೆಂದೇ ತಿಳಿದು ಅವು ತಾವಾಗಿಯೇ ಆಫ್ ಆಗುತ್ತವೆ. ಇಯರ್‌ಫೋನ್, ಕೈಗಡಿಯಾರಗಳಿಗೆಂದು ಕಡಿಮೆ ಕರೆಂಟಿನಲ್ಲೂ ಎಚ್ಚರವಾಗಿರುವ ವ್ಯವಸ್ಥೆ ಕೆಲವು ಪವರ್ ಬ್ಯಾಂಕ್‌ಗಳಲ್ಲಿದೆ. ಅದಿಲ್ಲದಿದ್ದರೆ ಕ್ಯಾಮೆರಾದ ಸ್ವಯಂ-ನಿದ್ರೆಯನ್ನೇ ನಿಲ್ಲಿಸಬೇಕು. ವಿದ್ಯುತ್ ಸ್ವಲ್ಪ ಹೆಚ್ಚು ಖರ್ಚಾದರೂ ಚಿತ್ರೀಕರಣ ಕಡಿಯುವುದಿಲ್ಲ.

ಡಮ್ಮಿ ಬ್ಯಾಟರಿಯ ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಕೇಬಲ್ ಜಗ್ಗಿ ಹೋದರೆ, ಕಾರ್ಡಿಗೆ ಚಿತ್ರ ಬರೆಯುತ್ತಿರುವ ಹೊತ್ತಿನಲ್ಲಿಯೇ ಕ್ಯಾಮೆರಾ ನಿಂತು ಫೈಲ್ ಕೆಡಬಹುದು. ಯುಎಸ್‌ಬಿಯಿಂದಲೇ ನಡೆಯುವ ಕ್ಯಾಮೆರಾಗಳಲ್ಲಿ ನಿಜವಾದ ಬ್ಯಾಟರಿ ಒಳಗೇ ಇದ್ದು ಆಧಾರವಾಗಿ ನಿಲ್ಲುವುದರಿಂದ, ಸಾಧ್ಯವಿದ್ದವರು ಅದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಆದರೆ ಯುಎಸ್‌ಬಿ ಕಿಂಡಿ ಇದ್ದ ಮಾತ್ರಕ್ಕೆ ಕ್ಯಾಮೆರಾ ಅದರಿಂದ ನಡೆಯುತ್ತದೆಂದು ನಂಬಬಾರದು. ಹಲವು ಕ್ಯಾಮೆರಾಗಳು ಆಫ್ ಇದ್ದಾಗ ಚಾರ್ಜ್ ಆಗುತ್ತವೆಯೇ ಹೊರತು ಆನ್ ಇದ್ದಾಗ ಹೊರಗಿನ ವಿದ್ಯುತ್ತನ್ನು ತೆಗೆದುಕೊಳ್ಳುವುದಿಲ್ಲ, ಇನ್ನು ಕೆಲವು ಪಿಡಿ (ಪವರ್ ಡೆಲಿವರಿ, ಯುಎಸ್‌ಬಿಯಲ್ಲಿ ಹೆಚ್ಚು ವಿದ್ಯುತ್ ಕೊಡುವ ವಿಧಾನ) ಸೌಲಭ್ಯವಿರುವ ಪವರ್ ಬ್ಯಾಂಕನ್ನೇ ಕೇಳುತ್ತವೆ. ಆದ್ದರಿಂದ ಹೊರಡುವ ಮುನ್ನ ಮನೆಯಲ್ಲಿಯೇ ಒಂದೆರಡು ತಾಸು ನಡೆಸಿ ನೋಡಬೇಕು.

ಈಗ ನಾನು ಮಾಗಡಿಗೆ ಹೋದಾಗ ಗಿಡ್ಡ ಕೇಬಲ್ಲನ್ನು ಟ್ರೈಪಾಡಿನ ಕಾಲಿಗೆ ಕಟ್ಟಿ, ಪವರ್ ಬ್ಯಾಂಕನ್ನು ಬಿಸಿಲು ತಾಗದಂತೆ ಬಿಳಿಯ ಬಟ್ಟೆಯ ಚೀಲದಲ್ಲಿ ತೂಗುಹಾಕುತ್ತೇನೆ. ಸ್ವಯಂ-ನಿದ್ರೆಯನ್ನು ನಿಲ್ಲಿಸಿದ್ದೇನೆಯೇ ಎಂದು ಎರಡು ಸಲ ನೋಡಿಕೊಂಡ ಮೇಲೆಯೇ ಕ್ಯಾಮೆರಾವನ್ನು ಬಿಟ್ಟು ದಂಡೆಯ ಮೇಲೆ ನಡೆಯುತ್ತೇನೆ.